ಮುಂಬೈ ಮಾಟುಂಗಾದ ಎಂಡೋಸ್ಕೋಪಿ ಕೇಂದ್ರ: ಕೈ ಹಗುರ, ರಿಪೋರ್ಟ್ ಅರೆಬರೆ

ಬಾಯಿಂದ ಜಠರಕ್ಕೆ ಸ್ಕೋಪ್ (ಕ್ಯಾಮೆರಾ ಕೊಳವೆ) ಇಳಿಸುವ ಕೈ ನಿಜಕ್ಕೂ ಹಗುರ. ಕೌಂಟರಿನಲ್ಲಿ ಕನ್ನಡವೂ ನಡೆಯುತ್ತದೆ. ಕೊರತೆ ಇರುವುದು ಅದರ ಹಿಂದುಮುಂದು.

ಅಪಾಯಿಂಟ್‌ಮೆಂಟ್ ಕೊಡುವಾಗ 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಅಂತಷ್ಟೇ ಹೇಳುತ್ತಾರೆ. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳುವುದಿಲ್ಲ. ಜಠರದಲ್ಲಿ ಹುಣ್ಣು ಮಾಡುವ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆಗೆ ಅದನ್ನು 2 ವಾರ, ಆಂಟಿಬಯಾಟಿಕ್ ಮತ್ತು ಬಿಸ್ಮತ್ ಇರುವ ಹೊಟ್ಟೆ ಔಷಧಿ 4 ವಾರ ಮೊದಲೇ ನಿಲ್ಲಿಸಿರಬೇಕು, ವೈದ್ಯರನ್ನು ಕೇಳಿಕೊಂಡು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು.

ಈ ಬ್ಯಾಕ್ಟೀರಿಯಾ ಪತ್ತೆಹಚ್ಚುವ ಯೂರಿಯೇಸ್ ಕಿಟ್ಟನ್ನು ಕಣ್ಣೆದುರೇ ತೋರಿಸುತ್ತಾರೆ, ಮೆಚ್ಚಬೇಕು. ಹಳದಿ ಜೆಲ್‌ನಲ್ಲಿ ಜಠರದ ಒಳಪದರದ ಅಕ್ಕಿಕಾಳಿಗಿಂತ ಚಿಕ್ಕ ಚೂರು. ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಬಿಟ್ಟರೆ ಸುತ್ತ ಗುಲಾಬಿ ಹರಡುತ್ತದೆ. ಆದರೆ ಚೂರು ತೆಗೆಯುವುದು ಜಠರದ ಕೆಳತುದಿಯಿಂದ ಮಾತ್ರ. ನಡುಭಾಗದಿಂದಲೂ ಒಂದು ಬೇಕು. ಆಸಿಡ್ ಮಾತ್ರೆ ತಿನ್ನುವವರಲ್ಲಿ ಕ್ರಿಮಿ ಅತ್ತ ಸರಿದಿರುತ್ತದೆ.

ರಿಪೋರ್ಟಿನಲ್ಲಿ 'ಪಿತ್ತರಸ ಕಂಡಿದೆ, ಬೈಲ್ ಗ್ಯಾಸ್ಟ್ರೈಟಿಸ್' (ಪಿತ್ತರಸದಿಂದ ಜಠರ ಕೆರಳುವುದು) ಅಂತ ಬರೆದು ಕೈತೊಳೆದುಕೊಳ್ಳುವುದು ದೊಡ್ಡ ತಪ್ಪು. (ನಮ್ಮವರು ತಲೆಸುತ್ತಿದರೆ ಹೇಳುವ 'ಪಿತ್ತ' ಇದಲ್ಲ.) ಸ್ಕೋಪ್ ಹಾಕಿದಾಗ ಓಕರಿಸಿದರೆ ಆರೋಗ್ಯವಂತರಲ್ಲೂ ಆ ಹಸಿರುಹಳದಿ ನೀರು ಜಠರಕ್ಕೆ ಉಕ್ಕುತ್ತದೆ. ಬಯಾಪ್ಸಿಯಲ್ಲಿ ಉರಿಯೂತದ ಕೋಶ ಕಡಿಮೆಯಿದ್ದು, ಒಳಪದರದ ಸಣ್ಣ ಗುಳಿಗಳು ಉದ್ದವಾಗಿ ಸುರುಳಿಗಟ್ಟಿದ್ದರೆ ಅನುಮಾನ ಗಟ್ಟಿ. ಪಿತ್ತಕೋಶ ತೆಗೆಸಿದವರಲ್ಲಿ ಇದು ಹೆಚ್ಚು. ಇದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಇದಕ್ಕೆ ಕೊಡುವುದು ಸುಕ್ರಾಲ್‌ಫೇಟ್, ಉರ್ಸೊಡಿಯಾಕ್ಸಿಕೋಲಿಕ್ ಆಸಿಡ್‌ನಂಥ ಔಷಧಿ, ಆ ದಾರಿಯೇ ಬೇರೆ.

ಎಚ್. ಪೈಲೋರಿಯ ಔಷಧಿ ಕೋರ್ಸ್ ಮುಗಿದು 4 ವಾರವಾದ ಮೇಲೆ, ಕ್ರಿಮಿ ಹೋಗಿದೆಯೇ ಎಂದು ನೋಡಲು ಮಾಡಿಸುವ ಉಸಿರಿನ ಪರೀಕ್ಷೆ ಇಲ್ಲಿಲ್ಲ, ಅದಕ್ಕೆ ಬೇರೆ ಲ್ಯಾಬ್ ಹುಡುಕಬೇಕು.