ತೀನ್ ಕಂದೀಲ್ ಬಳಿ ಸಿಗುವ ಪ್ಲಾಸ್ಟಿಕ್ ಹುಳಗಳ ಪೊಟ್ಟಣ: ಕಾಲು ಎಣಿಸಿ ಕೊಳ್ಳಿ

ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಆಟಿಕೆ ಅಂಗಡಿಯೊಂದರಲ್ಲಿ ಈಗ ಹನ್ನೆರಡು ಪ್ಲಾಸ್ಟಿಕ್ ಹುಳಗಳ ಪೊಟ್ಟಣವೊಂದು ಮಾರಾಟಕ್ಕಿದೆ. ಬೆಲೆ 240 ರೂಪಾಯಿ. ನಿಜರೂಪದ ಕೀಟಗಳ ಆಟಿಕೆಗಳನ್ನು ಕೂಡಿಡುವ ಹವ್ಯಾಸ ನನಗೆ ಬಹುಕಾಲದಿಂದ ಇರುವುದರಿಂದ ಒಂದೊಂದನ್ನೂ ಭೂತಗನ್ನಡಿಯ ಕೆಳಗಿಟ್ಟು ಪರಿಶೀಲಿಸಿದ್ದೇನೆ. ಕೊಳ್ಳುವವರು ಸಾಮಾನ್ಯವಾಗಿ ಬಣ್ಣಕ್ಕೆ ಮನಸೋಲುತ್ತಾರೆ. ಆದರೆ ಇಂಥ ಆಟಿಕೆಯ ಯೋಗ್ಯತೆ ತಿಳಿಯುವುದು ಅದರ ಕಾಲುಗಳೆಷ್ಟು, ಅವು ಮೈಯ ಯಾವ ಭಾಗದಿಂದ ಹೊರಟಿವೆ ಎಂಬುದನ್ನು ನೋಡಿದಾಗಲೇ.

ಈ ಕಣ್ಣಿನಿಂದ ನೋಡಿದರೆ ಪೊಟ್ಟಣದಲ್ಲಿ ಎಲ್ಲಕ್ಕಿಂತ ಮೇಲಿರುವುದು ಚೇಳು. ಇಕ್ಕಳದ ಎರಡು ತೋಳುಗಳನ್ನು ಬಿಟ್ಟು ನಾಲ್ಕು ಜೊತೆ ಕಾಲುಗಳಿವೆ. ಬಾಲದಲ್ಲಿ ಸರಿಯಾಗಿ ಐದು ಗೆಣ್ಣುಗಳಿದ್ದು, ಅವುಗಳ ತುದಿಯಲ್ಲಿ ವಿಷದ ಚೀಲ ಹೊತ್ತ ಕೊಂಡಿ ಬಾಗಿ ನಿಂತಿದೆ. ಅಗ್ಗದ ಚೇಳುಗಳಲ್ಲಿ ಈ ಗೆಣ್ಣುಗಳು ಅಚ್ಚು ಮಾಡಿದವನ ಮನಸ್ಸಿಗೆ ಬಂದಷ್ಟು ಇರುತ್ತವೆ. ಇನ್ನೂ ಸಂತೋಷದ ಸಂಗತಿಯೆಂದರೆ, ಮಗುಚಿ ಹಾಕಿದಾಗ ಕೊನೆಯ ಜೊತೆ ಕಾಲುಗಳ ಹಿಂದೆ ಬಾಚಣಿಗೆಯಂಥ ಎರಡು ಅಂಗಗಳು ಹಲ್ಲುಹಲ್ಲಾಗಿ ಮೂಡಿರುವುದು ಕಾಣುತ್ತದೆ. ಜೀವಂತ ಚೇಳು ನಡೆಯುವಾಗ ನೆಲವನ್ನು ತಡವಿ ತಿಳಿಯುವುದು ಇವುಗಳಿಂದಲೇ. ಯಾರೂ ತಿರುಗಿಸಿ ನೋಡದ ಅಡಿಭಾಗಕ್ಕೆ ಇಷ್ಟು ಶ್ರದ್ಧೆ ತೋರಿದ ಆ ಕೈಗೆ ನನ್ನ ಗೌರವ ಸಲ್ಲುತ್ತದೆ.

ಜರಿಯ ವಿಷಯದಲ್ಲಿ ಹಾಗೆ ಹೇಳಲಾಗದು. ದೊಡ್ಡ ಜರಿಗಳಿಗೆ ಸಾಮಾನ್ಯವಾಗಿ 21 ಜೊತೆ ಕಾಲುಗಳು. ಯಾವುದೇ ಜಾತಿಯದಾದರೂ ಬೆಳೆದ ಜರಿಯಲ್ಲಿ ಈ ಜೊತೆಗಳು ಬೆಸಸಂಖ್ಯೆಯಲ್ಲೇ ಇರುತ್ತವೆ. ಇಲ್ಲಿರುವುದು 18. ಜೇಡಕ್ಕೆ ಎಂಟು ಕಾಲುಗಳೇನೋ ಇವೆ, ಆದರೆ ಎಲ್ಲವೂ ಮುಂಭಾಗದಿಂದಲೇ ಹೊರಡಬೇಕಾದಲ್ಲಿ ಹಿಂದಿನ ನಾಲ್ಕು ಹೊಟ್ಟೆಗೆ ಅಂಟಿಕೊಂಡಿವೆ. ಮಗುವೊಂದು ಇದನ್ನು ನೋಡಿಯೇ ಜೇಡದ ಚಿತ್ರ ಬರೆಯಲು ಕಲಿಯುತ್ತದೆ ಎಂಬುದನ್ನು ನೆನೆದರೆ ಈ ತಪ್ಪನ್ನು ಚಿಕ್ಕದೆನ್ನಲು ನನಗೆ ಮನಸ್ಸಾಗುವುದಿಲ್ಲ. ಗುಲಗಂಜಿ ಹುಳ ಸರಿಯಾಗಿದೆ: ಗಟ್ಟಿಯಾದ ಮುಂರೆಕ್ಕೆಗಳೆರಡೂ ಬೆನ್ನಿನ ಮೇಲೆ ಒಂದೇ ನೇರ ಗೆರೆಯಲ್ಲಿ ಕೂಡಿವೆ. ಅದೇ ಗೆರೆಯನ್ನು ತಿಗಣೆಯ ಜಾತಿಯ ಹಸಿರು ಹುಳಕ್ಕೂ ಎಳೆದಿದ್ದಾರೆ. ಅದರ ರೆಕ್ಕೆಗಳು ಒಂದರ ಮೇಲೊಂದು ಹಾಯ್ದು, ನಡುಬೆನ್ನಿನಲ್ಲಿ ತ್ರಿಕೋನವೊಂದು ಕಾಣಬೇಕಿತ್ತು. ಇರುವೆ, ಜೇನುನೊಣ, ಮಿಡತೆಗಳು ಸಾಧಾರಣ. ಉಳಿದವುಗಳಲ್ಲಿ ಹೇಳುವಂಥದ್ದಿಲ್ಲ.

ಹತ್ತಿ ಮತ್ತು ಭತ್ತದ ಈ ಸೀಮೆಯಲ್ಲಿ ಮಾರುವ ಪೊಟ್ಟಣದಲ್ಲಿ ಗುಲಾಬಿ ಕಾಯಿಕೊರಕವಾಗಲಿ, ಕಂದು ಜಿಗಿಹುಳವಾಗಲಿ, ಮೊದಲ ಮಳೆಗೆ ಎರೆಹೊಲದ ಮೇಲೆ ಹರಿದಾಡುವ ಕೆಂಪು ಮಖಮಲ್ ಹುಳವಾಗಲಿ ಇಲ್ಲದಿರುವುದು ನನಗೆ ಬೇಸರದ ವಿಷಯ. ಜಿಗಿಹುಳ ಅಕ್ಕಿಕಾಳಿಗಿಂತ ಚಿಕ್ಕದು, ಆಟಿಕೆಯಾಗದು ಎನ್ನುವಂತಿಲ್ಲ. ಜಪಾನಿನ ಬಂದಾಯ್ ಕಂಪನಿ 2018ರಲ್ಲಿ, ಮುಟ್ಟಿದರೆ ಗುಂಡಾಗುವ ಪುಟ್ಟ ಜೀವಿಯೊಂದನ್ನು ಹಲವು ಪಟ್ಟು ಹಿಗ್ಗಿಸಿ, ನಿಜದ್ದರಂತೆಯೇ ಸುರುಳಿ ಸುತ್ತಿಕೊಳ್ಳುವ ಹಾಗೆ ತಯಾರಿಸಿತು. ಕೃಷಿ ವಿಶ್ವವಿದ್ಯಾಲಯವೇ ಇರುವ ರಾಯಚೂರಿನಲ್ಲಿ ಇಂಥ ಮಾದರಿಗಳಿಗೆ ಸಲಹೆ ಕೊಡಬಲ್ಲವರಿಗೆ ಕೊರತೆಯಿಲ್ಲ.

ಪ್ಲಾಸ್ಟಿಕ್ ಮೃದುವಾದ ಪಿವಿಸಿ. ಬಿಚ್ಚಿದ ಕೂಡಲೇ ಬಂದ ವಾಸನೆ ಗಾಳಿಗಿಟ್ಟ ಮೇಲೆ ಇಳಿಯಿತು. ನಮ್ಮ ಬೇಸಿಗೆಯಲ್ಲಿ ಈ ವಸ್ತು ಬಾಗುತ್ತದೆ, ಒಂದಕ್ಕೊಂದು ತಾಗಿದಲ್ಲಿ ಅಂಟುತ್ತದೆ. ಆದ್ದರಿಂದ ತಗಡಿನ ಮಾಡಿನ ಕೆಳಗಾಗಲಿ, ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಬಾರದು. ಸೊಟ್ಟಗಾದ ಕಾಲನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಹಾಕಿದರೆ ಅದು ನೆಟ್ಟಗಾಗಿ ನಿಲ್ಲುತ್ತದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದ್ದು, ಈ ಪೊಟ್ಟಣದ ಮೇಲೆ ಅದು ಇದೆ. ಇರುವೆ ತೀರಾ ಚಿಕ್ಕದಾಗಿರುವುದರಿಂದ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಅಂಗಡಿಯವರು ಸಹನೆಯುಳ್ಳವರು, ನಾನು ಕಾಲು ಎಣಿಸುತ್ತ ನಿಂತಾಗ ಬೇಸರಿಸಲಿಲ್ಲ. ಕೇಳಿದರೆ ಬಿಡಿಯಾಗಿಯೂ ಕೊಡುತ್ತಾರೆ, ಒಂದಕ್ಕೆ 30 ರೂಪಾಯಿ. ಚೇಳು ಮತ್ತು ಗುಲಗಂಜಿ ಹುಳ ಎರಡನ್ನು 60 ರೂಪಾಯಿಗೆ ಕೊಂಡು, ಉಳಿದವನ್ನು ಅಲ್ಲಿಯೇ ಬಿಡುವುದು ಒಳ್ಳೆಯದು.