ವಿಂಡೋಸ್ ಬಿಟ್ಟು ಮಿಂಟ್‌ಗೆ ಬಂದೆ, ನುಡಿ ಫೈಲ್‌ಗಳು ಬರಲು ಒಪ್ಪಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಲಿನಕ್ಸ್ ಮಿಂಟ್ ಪಕ್ಷ, ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಉಚಿತ ಆಪರೇಟಿಂಗ್ ಸಿಸ್ಟಂ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಕೆಲವು ತಿಂಗಳಿಂದ ಅದೇ ಇದೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಮಗಳ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್. ಎರಡರಲ್ಲೂ ಕೂತು ಕೆಲಸ ಮಾಡಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನನ್ನ ಡೆಸ್ಕ್‌ಟಾಪ್ 2014ರದ್ದು. ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದಾದರೂ ಬೇಕು. ಇನ್ನೊಂದು ವರ್ಷ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ಮುಂದಿನ ವರ್ಷ ಮತ್ತೆ ಇದೇ ತಲೆನೋವು ಅಲ್ವಾ? ಅಂಗಡಿಯವನು "ಸಾರ್, ಇದನ್ನ ಎಕ್ಸ್‌ಚೇಂಜ್‌ಗೆ ಹಾಕಿ, ಸಾವಿರ ರೂಪಾಯಿ ಕೊಡ್ತೀನಿ" ಅಂದ. ಚೆನ್ನಾಗಿ ಓಡುತ್ತಿರುವ ಯಂತ್ರಕ್ಕೆ ಸಾವಿರ! ಮಗಳ ಲ್ಯಾಪ್‌ಟಾಪ್‌ಗೆ ಆಗಲೇ 48,000 ಕೊಟ್ಟಾಗಿತ್ತು. ನನ್ನದಕ್ಕೆ 2,000 ರೂಪಾಯಿಯೊಳಗೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡ್ರೈವ್) ಕೊಂಡು ಮನೆಗೆ ಬಂದೆ.

ಮೊದಲು ಇನ್ನೊಂದು ಲಿನಕ್ಸ್ ಆದ ಉಬುಂಟು ಹಾಕಿದೆ. ಎರಡೇ ದಿನ. ಐಕಾನ್‌ಗಳೆಲ್ಲ ಎಡಗಡೆ ಸಾಲಾಗಿ ನಿಂತಿರುತ್ತವೆ. ಮನೆಯವಳು ಬಂದು "ಸ್ಟಾರ್ಟ್ ಎಲ್ರೀ?" ಅಂದಳು. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ನೋಟದಲ್ಲಿ ಮೆನು ಕೆಳಗೆ ಎಡಮೂಲೆಯಲ್ಲೇ ಇದೆ. ಅಲ್ಲಿಗೆ ಆ ವಾದ ಮುಗಿಯಿತು. ಪೆನ್ ಡ್ರೈವ್‌ನಿಂದಲೇ ಓಡಿಸಿ, ವೈಫೈ, ಸೌಂಡ್, ಪ್ರಿಂಟರ್ ಎಲ್ಲ ನೋಡಿಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಿದೆ.

ನನಗೆ ಕಾಟ ಕೊಟ್ಟಿದ್ದು ಕನ್ನಡ.

ಊರಿನ ದೇವಸ್ಥಾನ ಸಮಿತಿಯ ನಡಾವಳಿ, ಲೆಕ್ಕ, ಜಾತ್ರೆಯ ಕರಪತ್ರ, ಎಲ್ಲ ಟೈಪ್ ಮಾಡುವವನು ನಾನೇ. ಹದಿನೆಂಟು ವರ್ಷದಿಂದ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಬೆರಳಿಗೆ ಬೇರೆ ಕೀಲಿಮಣೆ ಗೊತ್ತಿಲ್ಲ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ "ಕಗಪ" ಅಂತ ಕಂಡಾಗ ಖುಷಿಯಾಯಿತು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಲ್ವಾ ಅವು, ನಮ್ಮದೇ ವಿನ್ಯಾಸ. ಹಾಕಿ ನೋಡಿದರೆ ಅಕ್ಷರಗಳೇನೋ ಇದ್ದಲ್ಲೇ ಇವೆ, ಆದರೆ ಸ್ವರ ಮತ್ತು ಗುಣಿತ ತಾನಾಗೇ ಅದಲುಬದಲಾಗುವುದಿಲ್ಲ. ನುಡಿಯಲ್ಲಿ ಒಂದೇ ಕೀಲಿ ಪದದ ಮೊದಲಿಗೆ ಬಂದರೆ 'ಇ', ವ್ಯಂಜನದ ಮೇಲೆ ಬಂದರೆ ಗುಡಿಸು. ಇಲ್ಲಿ ಹಾಗಿಲ್ಲ. ಒಂದು ಸಂಜೆಯೆಲ್ಲ ಒದ್ದಾಡಿದೆ. ಆಮೇಲೆ ಐಬಸ್ ಮತ್ತು ಎಂ17ಎನ್ ಅನ್ನುವ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡು, ಅದರಲ್ಲಿ ಕನ್ನಡದ ಕೆಜಿಪಿ ಆಯ್ಕೆ ಮಾಡಿದ ಮೇಲೆ ಬೆರಳಿಗೆ ಸಮಾಧಾನವಾಯಿತು. ಲಿನಕ್ಸ್‌ಗೆ ಬರುವ ನುಡಿ ಬಳಕೆದಾರರು ಆ ಮೊದಲನೆಯದರಲ್ಲಿ ಹೊತ್ತು ಕಳೆಯಬೇಡಿ, ನೇರ ಇದನ್ನೇ ಹಾಕಿ.

ಟೈಪಿಂಗ್ ಆಯಿತು, ಹಳೇ ಫೈಲ್‌ಗಳು? ತೆರೆದರೆ ಬರೀ ಗೋಜಲು. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಮೇಲೆ ಗೆರೆ ಇರುವ ಎ, ನಡುವೆ ಪೌಂಡ್ ಗುರುತು. ತಪ್ಪು ನುಡಿಯದ್ದೂ ಅಲ್ಲ, ಮಿಂಟ್‌ದೂ ಅಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ ಯೂನಿಕೋಡ್ ನುಡಿಯಲ್ಲಿ ಬಂದು ಎಷ್ಟೋ ವರ್ಷವಾದರೂ ನಾನು ಹಳೇ ಆಸ್ಕಿ ಫಾಂಟ್‌ನಲ್ಲೇ ಕುಟ್ಟುತ್ತಾ ಕೂತಿದ್ದೆ. ಆಸ್ಕಿಯಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿಬೀಳುತ್ತದೆ.

ವಿಂಡೋಸ್‌ನಲ್ಲಿದ್ದ ನುಡಿ ಫಾಂಟ್‌ಗಳನ್ನು ತಂದು ಹಾಕಿದರೆ ಓದಲು ಬರುತ್ತದೆ. ಅಲ್ಲಿಗೇ ಬಿಡಬಹುದಿತ್ತು. ಆದರೆ ಯಾರೋ ದಾನಿಯ ಹೆಸರು ಹುಡುಕೋಣ ಅಂತ ಕನ್ನಡದಲ್ಲಿ ಟೈಪ್ ಮಾಡಿದರೆ ಒಂದೂ ಸಿಗಲಿಲ್ಲ. ನಾನು ಟೈಪ್ ಮಾಡಿದ್ದು ಯೂನಿಕೋಡ್, ಫೈಲ್‌ನಲ್ಲಿದ್ದದ್ದು ಆಸ್ಕಿ. ವಿಂಡೋಸ್‌ನಲ್ಲಿ ಯೂನಿಕೋಡ್‌ನಲ್ಲಿ ಹುಡುಕಿದ್ದರೂ ಇದೇ ಗತಿ, ನಾನು ಹುಡುಕಿರಲಿಲ್ಲ ಅಷ್ಟೇ. ಸರಿ, ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸುವುದು ಅಂತ ಹೊರಟೆ. ಪರಿವರ್ತಕಕ್ಕೆ ಸಿಕ್ಕಿದ್ದೆಲ್ಲ ಕನ್ನಡವೇ! ನಡಾವಳಿಯ ಮಧ್ಯೆ ಇಂಗ್ಲಿಷಿನಲ್ಲಿದ್ದ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್, ಬಿಲ್ ನಂಬರ್, ಕಂಟ್ರಾಕ್ಟರ್ ಹೆಸರು ಎಲ್ಲ ಅರ್ಥವಿಲ್ಲದ ಒತ್ತಕ್ಷರಗಳ ಗುಡ್ಡೆಯಾಯಿತು. ಈಗ ಇಂಗ್ಲಿಷ್ ಚೂರುಗಳನ್ನು ಮೊದಲು ಕತ್ತರಿಸಿ ಪಕ್ಕಕ್ಕಿಡುತ್ತೇನೆ. ಕನ್ನಡ ಬದಲಾದ ಮೇಲೆ ಮತ್ತೆ ಅಂಟಿಸುತ್ತೇನೆ. ದಿನಕ್ಕೆ ನಾಲ್ಕೈದು ಫೈಲ್ ಆದರೆ ಹೆಚ್ಚು.

ಉಳಿದದ್ದು ಜಾಸ್ತಿ ಇಲ್ಲ. ಬೂಟ್ ಆಗುವುದು ಬೇಗ, ಅದರಲ್ಲಿ ಎಸ್‌ಎಸ್‌ಡಿಯ ಪಾಲೇ ದೊಡ್ಡದು, ಸುಮ್ನೆ ಮಿಂಟ್‌ಗೆ ಎಲ್ಲ ಶ್ರೇಯ ಕೊಡಬಾರದು. ಬ್ರೌಸರ್, ಯೂಟ್ಯೂಬ್, ಬ್ಯಾಂಕ್ ಕೆಲಸ ಎರಡರಲ್ಲೂ ಒಂದೇ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದುಕೊಂಡವರು ಮಿಂಟ್‌ನಲ್ಲಿ ಎಕ್ಸೆಲ್ ಬದಲಿಗೆ ಸಿಗುವ ಲಿಬ್ರೆಆಫೀಸ್‌ಗೆ ಬರುವ ಮುಂಚೆ ಪರೀಕ್ಷೆ ಮಾಡಿ ನೋಡಿ. ಟ್ಯಾಲಿ ಬೇಕಾದವರು ವಿಂಡೋಸ್‌ನಲ್ಲೇ ಇರಿ. ಅಪ್‌ಡೇಟ್ ವಿಷಯದಲ್ಲಿ ಮಿಂಟ್ ನನ್ನ ಸ್ವಭಾವಕ್ಕೆ ಹೊಂದುತ್ತದೆ. ಕೆಳಗೆ ಒಂದು ಗುರುತು ತೋರಿಸಿ, ನಾನು ಒತ್ತುವವರೆಗೂ ಕಾಯುತ್ತದೆ. 22ನೇ ಆವೃತ್ತಿಗೆ 2029ರವರೆಗೆ ಬೆಂಬಲ ಇದೆ. ಅಷ್ಟೊತ್ತಿಗೆ ಹದಿನೈದು ವರ್ಷ ತುಂಬುವ ಯಂತ್ರಕ್ಕೆ ಅಷ್ಟು ಸಾಕು.

ಹೊಸದು ಕೊಳ್ಳಲೇಬೇಕು, ಪ್ರಿಂಟಿಂಗ್ ಪ್ರೆಸ್ ಜೊತೆ ದಿನಾ ವ್ಯವಹಾರ ಇದೆ ಅನ್ನುವವರಿಗೆ ನಾನು ಮಿಂಟ್ ಹೇಳುವುದಿಲ್ಲ. ನಮ್ಮ ಕರಪತ್ರ ಅಚ್ಚು ಹಾಕುವವರು ಈಗಲೂ "ನುಡೀಲಿ ಕೊಡಿ ಸಾರ್" ಅನ್ನುತ್ತಾರೆ. ವರ್ಷಕ್ಕೆ ಎರಡು ಸಲ ಆ ಕೆಲಸಕ್ಕೆ ಮಗಳ ಲ್ಯಾಪ್‌ಟಾಪ್ ಕೇಳಬೇಕು. ಜೂನ್‌ನಲ್ಲಿ ಅವಳು ಹಾಸ್ಟೆಲ್‌ಗೆ ಹೋಗುತ್ತಾಳೆ, ಲ್ಯಾಪ್‌ಟಾಪೂ ಹೋಗುತ್ತದೆ. ಆಮೇಲೆ ಪ್ರೆಸ್‌ನವರಿಗೆ ಪಿಡಿಎಫ್ ಒಪ್ಪಿಸಬೇಕು. ಅಷ್ಟರಲ್ಲಿ ಇನ್ನೂ 140 ಫೈಲ್ ಬಾಕಿ ಇವೆ.