ಸೊಪ್ಪು ತಿನ್ನದ ಗಂಡನಿಗೆ ರಾತ್ರಿ ಬಸ್ಸಾರೋ, ಮಸ್ಸೊಪ್ಪೋ?

ನಮ್ಮನೆಯವರಿಗೆ ಸೊಪ್ಪು ಕಂಡರಾಗದು. ಒಂದೊಂದೇ ಎಲೆ ಎತ್ತಿ ತಟ್ಟೆಯಂಚಿಗೆ ಬೇಲಿ ಕಟ್ಟುತ್ತಾರೆ. ನನಗೋ ವಾರಕ್ಕೆ ಎರಡು ದಿನವಾದರೂ ಸೊಪ್ಪು ಬೇಕೇ ಬೇಕು. ಆಫೀಸಿಂದ ಬಂದು ಇಬ್ಬರಿಗೆ ಎರಡು ಅಡುಗೆ ಮಾಡುವ ತಾಳ್ಮೆಯಂತೂ ಇಲ್ಲ. ಹಾಗಾಗಿ ಒಂದು ಕಟ್ಟು ದಂಟಿನ ಸೊಪ್ಪು, ಒಂದು ಲೋಟ ತೊಗರಿಬೇಳೆ ಇಟ್ಟುಕೊಂಡು ಬಸ್ಸಾರು, ಮಸ್ಸೊಪ್ಪು ಎರಡನ್ನೂ ಬೇರೆ ಬೇರೆ ದಿನ ಮಾಡಿ ನೋಡಿದ್ದೇನೆ.

ಮಸ್ಸೊಪ್ಪು ಸುಲಭ. ಬೇಳೆ, ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಒಟ್ಟಿಗೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುಗಿಯಿತು. ನಾರು ಬಾಯಿಗೆ ಸಿಗದು. ಆದರೆ ಹಸಿರು ಬಣ್ಣ ಮುಚ್ಚಿಡಲಾಗದು. ಬೇಡ ಎಂದರೆ ಇಡೀ ಪಾತ್ರೆಯೇ ಬೇಡ.

ಬಸ್ಸಾರಿಗೆ ಕೆಲಸ ಜಾಸ್ತಿ. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೇಳೆ ಕರಗುವ ಮೊದಲೇ ಬಸಿಯಬೇಕು. ಕುಕ್ಕರಿನಲ್ಲಿಟ್ಟು ಒಂದು ವಿಷಲ್ ಹೆಚ್ಚಾಗಿ, ಬಸಿಯಲು ಹೋದ ನನಗೆ ಸಿಕ್ಕಿದ್ದು ಮಸ್ಸೊಪ್ಪೇ! ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಕಾಯಿತುರಿ, ಹುಣಸೆ ರುಬ್ಬಿ ಹಾಕಿದರೆ ಸಾರು. ಉಳಿದ ಬೇಳೆ-ಸೊಪ್ಪು ಪಲ್ಯ. ಅವರಿಗೆ ಮುದ್ದೆ, ಸಾರು, ಹಪ್ಪಳ; ಪಲ್ಯ ಪೂರ್ತಿ ನನಗೆ. ಸಾರು ಗಟ್ಟಿಯಾಗಲೆಂದು ರುಬ್ಬುವಾಗ ಒಂದು ಹಿಡಿ ಬೆಂದ ಸೊಪ್ಪೂ ಸೇರಿಸುತ್ತೇನೆ, ಅದನ್ನು ಅವರಿಗೆ ಹೇಳಿಲ್ಲ.

ನಾರು ಬೇಡವೆನ್ನುವವರಿಗೆ ಮಸ್ಸೊಪ್ಪು, ಎಲೆ ಕಂಡರೇ ಮುಖ ಸಿಂಡರಿಸುವವರಿಗೆ ಬಸ್ಸಾರು. ವಾಸನೆಯೇ ಆಗದಿದ್ದರೆ ಎರಡನ್ನೂ ಬಿಡಿ, ಆ ರಾತ್ರಿ ಹುರುಳಿಕಾಳು ಬಸಿಯಿರಿ.